ಬಲಕ್ಕೆ ಹೂಡುವ ಎತ್ತು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು ಎದ್ದಿದ್ದೇನೆ. ಈ ಸಲ ಏಳಲು ಬಿಡದಿದ್ದುದು ಔಡಲ ಎಣ್ಣೆಯ ವಾಸನೆ. ಹೋದ ವಾರ ನನ್ನ ಕುತ್ತಿಗೆ ಹಿಡಿದುಕೊಂಡಾಗ ಸೊಸೆ ಎಣ್ಣೆ ಬಿಸಿ ಮಾಡಿ ತಂದು, "ಎಲ್ಲಿ ನೋಯ್ತದ್ರಿ ಮಾವಾರ?" ಎಂದಳು. ಕಿವಿಯ ಹಿಂದಿನಿಂದ ಹೆಗಲ ತನಕ ಬೆರಳೆಳೆದು ತೋರಿಸಿದೆ. ಹಾಗೆ ತೋರಿಸುವುದನ್ನು ನನಗೆ ಕಲಿಸಿದವರು ಪಕ್ಕದ ಮನೆಯ ಯಜಮಾನರು. ಕಲಿಸಿದ್ದು ಎತ್ತಿನ ಮೈಮೇಲೆ.

ಎಪ್ಪತ್ತರ ದಶಕ. ಜೇವರ್ಗಿ ಕಡೆಯ ಕೊಳಕೂರಿನಲ್ಲಿ ನಮಗೊಂದು ಎತ್ತು, ಅವರಿಗೊಂದು. ಎರಡನ್ನೂ ಜೋಡಿ ಮಾಡಿ ಅವರ ಹೊಲ, ನಮ್ಮ ಹೊಲ ಸರದಿಯಲ್ಲಿ ಉಳುತ್ತಿದ್ದೆವು. ಚಿಕ್ಕಂದಿನಿಂದಲೂ ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಹತ್ತನೆಯ ತರಗತಿಯ ಪುಸ್ತಕದಲ್ಲಿದ್ದ ಸ್ನಾಯುಗಳ ಚಿತ್ರ ತೋರಿಸಿದರೆ ನಕ್ಕಿದ್ದರು.

"ಲೇ, ಚಿತ್ರಕ್ಕ ಕೈ ಹಚ್ಚಿದ್ರ ಬೆಚ್ಚಗ ಹತ್ತತದೇನು? ಇಲ್ಲಿ ಹಚ್ಚು."

ನನ್ನ ಅಂಗೈಯನ್ನು ತಮ್ಮ ಎತ್ತಿನ ಮೇಲಿಟ್ಟು ಒತ್ತಿದರು. ಕಿವಿಯ ಹಿಂದಿನಿಂದ ಹೆಗಲಿಗಿಳಿಯುವ ಹುರಿಯಂಥ ಖಂಡ, ತಲೆಯನ್ನು ಎತ್ತಿ ಹಿಡಿದು ಬೆನ್ನ ಮೇಲಿನ ಡುಬ್ಬದ, ಹಿಣಿಲಿನ, ಬುಡಕ್ಕೆ ಬಂದು ಸೇರುವ ಅಗಲ ಖಂಡ, ಅಲ್ಲಿಂದ ಬೆನ್ನೆಲುಬಿನ ಎರಡೂ ಬದಿಗೆ ಸೊಂಟದ ತನಕ ಓಡುವ ಉದ್ದನೆಯದು...

"ಎತ್ತು ಕಾಲಿಲೆ ಜಗ್ಗತದ ಅಂತಿ. ಇವು ಹಿಡಿಲಿಲ್ಲಂದ್ರ ಕಾಲು ಏನ್ ಮಾಡ್ತಾವ?"

ಅವರ ಎತ್ತು ಮೊದಲಿನಿಂದಲೂ ಬಲಕ್ಕೇ ಹೂಡಿದ್ದು. ಕುತ್ತಿಗೆಯ ಒಂದು ಮಗ್ಗುಲು ಇನ್ನೊಂದಕ್ಕಿಂತ ಗಟ್ಟಿಯಾಗಿದ್ದುದು ನನ್ನ ಬೆರಳಿಗೂ ತಿಳಿಯಿತು. "ಇದನ್ನ ಎಡಕ್ಕ ಮಾತ್ರ ಹೂಡಬ್ಯಾಡ," ಎಂದಿದ್ದರು.

ಹೂಡಿದೆ. ನಮ್ಮ ಎತ್ತಿನ ಹೆಗಲು ನೊಗ ಉಜ್ಜಿ ಹುಣ್ಣಾಗಿತ್ತು. ಬದಿ ಬದಲಿಸಿದರೆ ಅದಕ್ಕೆ ಹಗುರಾದೀತೆಂದು, ಯಾರಿಗೂ ಹೇಳದೆ, ಎರಡನ್ನೂ ಅದಲುಬದಲು ಮಾಡಿ ಜೋಳದ ಕಣಕಿ ಹೇರಿದ ಬಂಡಿಗೆ ಕಟ್ಟಿದೆ. ಹಳ್ಳದ ಏರಿನಲ್ಲಿ ಗಾಲಿ ಹೂತಿತು. ಬಾರುಕೋಲು ಬೀಸಿದೆ. ಅವರ ಎತ್ತು ರೂಢಿಯಿಲ್ಲದ ಕಡೆಗೆ ಕುತ್ತಿಗೆ ತಿರುವಿ ಜಗ್ಗಿತು, ಒಮ್ಮೆ ನಡುಗಿತು, ಮೊಣಕಾಲೂರಿತು.

ಮರುದಿನ ಅದರ ಕುತ್ತಿಗೆ ಬಾತು ತಲೆ ವಾಲಿತ್ತು. ದನದ ಡಾಕ್ಟರು ಬಂದು, "ಒಳಗ ಖಂಡ ಹರದದ. ಯಾವ ಬದಿಗಿ ಹೂಡಿದ್ರಿ?" ಎಂದು ಕೇಳಿದರು. ನಮ್ಮಪ್ಪ ಪಕ್ಕದಲ್ಲೇ ನಿಂತಿದ್ದ. ಓಣಿಯವರೂ ಇದ್ದರು.

"ಬಲಕ್ಕ ರೀ," ಎಂದೆ. "ಅವರ ಮನ್ಯಾಗಿಂದ ಹೊಡಕೊಂಡು ಬರುವಾಗನೇ ಕುತ್ತಗಿ ಸೊಟ್ಟ ಹಿಡದಿತ್ರಿ."

ಚಾಚಾ ಎತ್ತಿನ ಕುತ್ತಿಗೆ ಸವರಿದರು. ಗಟ್ಟಿಯಿಲ್ಲದ ಮಗ್ಗುಲಲ್ಲಿ ನೊಗ ಉಜ್ಜಿ ಕೂದಲು ಹೋಗಿದ್ದ ಹೊಸ ಗುರುತಿನ ಮೇಲೆ ಬೆರಳು ನಿಂತಿತು. ನನ್ನನ್ನು ನೋಡಿದರು... ಆಮೇಲೆ ಡಾಕ್ಟರ ಕಡೆ ತಿರುಗಿ, "ಹೌದ್ರಿ ಸಾಹೇಬ್ರ, ನಾನೇ ನೋಡಬೇಕಿತ್ತು," ಎಂದರು.

"ಕೆಟ್ಟ ಎತ್ತು ತಂದು ಜೋಡಿಗಿ ಕೊಡ್ತಾನ ನೋಡ್ರಿ," ಎಂದು ಯಾರೋ ನಕ್ಕರು. ಆ ಮಾತು ಊರೆಲ್ಲ ಹಬ್ಬಿತು. ನಮ್ಮಪ್ಪ ಬೇರೆಯವರ ಜೊತೆ ಜೋಡಿ ಕಟ್ಟಿಕೊಂಡ. ಚಾಚಾನ ಎತ್ತು ಮತ್ತೆ ನೊಗ ಹೊರಲಿಲ್ಲ. ಸಂಜೆ ಸಂಜೆ ಅವರು ಅದಕ್ಕೆ ಔಡಲ ಎಣ್ಣೆ ತಿಕ್ಕುವ ವಾಸನೆ ಗೋಡೆ ದಾಟಿ ಬರುತ್ತಿತ್ತು. ಬೇರೆ ಎತ್ತು ತಂದರೂ ಅವರೊಂದಿಗೆ ಯಾರೂ ಜೋಡಿ ಹೂಡಲಿಲ್ಲ. ಕೊನೆಗೆ ಹೊಲವನ್ನು ಪಾಲಿಗೆ ಕೊಟ್ಟು ಯಡ್ರಾಮಿಯ ಮಗಳ ಮನೆಗೆ ಹೊರಟರು.

ಹೊರಡುವ ದಿನ ನಮ್ಮ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದರು.

"ನಿಮ್ಮ ಎತ್ತಿನ ಹುಣ್ಣು ಮಾಯ್ತೇನಪಾ?"

"ಮಾಯ್ತು ರೀ," ಎಂದೆ. ಚಾಚಾ ಎನ್ನಲು ನಾಲಿಗೆ ಏಳಲಿಲ್ಲ.

ಅವರು ಅಲ್ಲೇ ತೀರಿಕೊಂಡರೆಂದು ಬಹಳ ವರ್ಷಗಳ ಮೇಲೆ ಕೇಳಿದೆ. ಹೋಗಲಿಲ್ಲ. ಸೊಸೆ ಈಗ ದಿನಾ ಎಣ್ಣೆ ತಿಕ್ಕಿ, "ಹಗುರ ಆಯ್ತೇನ್ರಿ?" ಎಂದು ಕೇಳುತ್ತಾಳೆ. ಹೂಂ ಎನ್ನುತ್ತೇನೆ...

ಎಡಕ್ಕೆ ಹೂಡಿದವನು ನಾನೇ, ಚಾಚಾ.