ಹಿಂದಿನ ಬಾಗಿಲಿನ ಬೆಳ್ಳಕ್ಕಿಗಳು

ಹೋದ ವರ್ಷದ ಮಾತು. ಕಬ್ಬು ಕಡಿಯುವ ಹಂಗಾಮು ಆಗಷ್ಟೇ ಶುರುವಾಗಿತ್ತು. ನಾನು ತುಕ್ಕಾನಟ್ಟಿಯ ಹೈಸ್ಕೂಲಿನಲ್ಲಿ ಚಿತ್ರಕಲಾ ಶಿಕ್ಷಕಿ, ಮನೆ ಗೋಕಾಕದಲ್ಲಿ. ದಿನಾ ನನ್ನ ಕಡುನೀಲಿ ಕಾರಿನಲ್ಲಿ ಹೋಗಿ ಬರುತ್ತೇನೆ. ಮುಂಜಾನೆಯ ಮಂಜಿನಲ್ಲಿ ಕಬ್ಬಿನ ಬಿಳಿ ಹೂವುಗಳು ತೂಗುತ್ತಿರುತ್ತವೆ, ಎಲ್ಲೋ ಬೆಲ್ಲ ಕುದಿಯುವ ವಾಸನೆ ಬರುತ್ತದೆ. ಅಷ್ಟು ಹೊತ್ತು ನಾನು ಯಾರ ಹೆಂಡತಿಯೂ ಅಲ್ಲ, ಯಾರ ಟೀಚರೂ ಅಲ್ಲ. ಆ ದಾರಿ ಇಲ್ಲದಿದ್ದರೆ ನನ್ನ ದಿನವೇ ಶುರುವಾಗುವುದಿಲ್ಲ.

ಒಂದು ದಿನ ಬ್ರೇಕು ಕಿರುಗುಟ್ಟುತ್ತಿದೆ ಎಂದು ಬೆಳಿಗ್ಗೆ ಮೂಡಲಗಿಯ ಗ್ಯಾರೇಜಿನಲ್ಲಿ ಕಾರು ಬಿಟ್ಟು ಬಸ್ಸು ಹತ್ತಿದೆ. ಎಲ್ಲರೂ ಈರಪ್ಪ ಕಾಕಾ ಎಂದು ಕರೆಯುವ ಹಿರಿಯ ಮಿಸ್ತ್ರಿಯ ಗ್ಯಾರೇಜು ಅದು. ನಾನು ಚೀಟಿ ಕೇಳಲಿಲ್ಲ, ಕಾರಿನ ಫೋಟೋ ತೆಗೆಯಲಿಲ್ಲ. ಸಂಜೆ ಕಾರು ತೆಗೆದುಕೊಂಡು ಕೆಂಪು ಮೋಡಗಳನ್ನು ನೋಡುತ್ತ ಮನೆಗೆ ಬಂದೆ.

ಕಾರಿನ ಹಿಂದಿನ ಬಾಗಿಲು ನೆಗ್ಗಿದ್ದನ್ನು ಕಂಡುಹಿಡಿದವರು ನನ್ನ ಗಂಡ ಮಹಾಂತೇಶ. ಅಂಗೈ ಅಗಲದ ತಗ್ಗು, ಬಣ್ಣ ಎದ್ದು ಒಳಗಿನ ತಗಡು ಕಾಣುತ್ತಿತ್ತು.

"ಮುಗಲ ನೋಡ್ಕೋಂತ ಎಲ್ಲೆರೆ ತಾಕಿಸಿರ್ತಿ," ಎಂದರು. ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. "ಇವತ್ತ ಬಾಗಿಲಾ, ನಾಳೆ ಇನ್ನೇನೋ. ನನಗ ಅಂಜಿಕಿ ಬರತೈತಿ. ಇನ್ನ ಮ್ಯಾಲೆ ಬಸ್ಸಿಗೆ ಹೋಗ." ಕೀಲಿಯನ್ನು ತಮ್ಮ ಕಿಸೆಗೆ ಹಾಕಿಕೊಂಡರು.

ಮರುದಿನ ಬಸ್ಸಿನಲ್ಲೇ ಮೂಡಲಗಿಗೆ ಹೋಗಿ ಕಾಕಾನನ್ನು ಕೇಳಿದೆ. ಅವರು ನನ್ನ ಮುಖ ನೋಡದೆ, "ನೀವು ತರುವಾಗನ ಹಂಗ ಇತ್ತಲ್ರಿ ಅಕ್ಕೋರ," ಎಂದರು. ನಾನು ಏನೆಂದೆ ಗೊತ್ತೇ? "ಇರಬಹುದ್ರಿ ಕಾಕಾ. ತಪ್ಪು ತಿಳೀಬ್ಯಾಡ್ರಿ." ಹಾಗೆಂದು ಕೈಮುಗಿದು ಬಂದೆ! ಅನ್ನಕ್ಕೆ ಎರಡು ಸಲ ಉಪ್ಪು ಹಾಕುವವಳು, ಸಾಲೆಗೆ ಎರಡು ಕಾಲಿಗೆ ಬೇರೆ ಬೇರೆ ಚಪ್ಪಲಿ ಹಾಕಿಕೊಂಡು ಹೋದವಳು ನಾನು. ಎಲ್ಲೋ ತಾಕಿಸಿ ಮರೆತಿರಬೇಕು ಎಂದು ನನಗೂ ಅನ್ನಿಸಿತ್ತು.

ಆದರೂ ಮನಸ್ಸು ಒಪ್ಪಲಿಲ್ಲ. ಭಾನುವಾರ ಹುಕ್ಕೇರಿಗೆ ಹೋದೆ. ಅಲ್ಲಿ ನನ್ನ ಕಾಲೇಜಿನ ಗೆಳತಿ ಶಬಾನಾ ವಕೀಲಿ ಮಾಡುತ್ತಾಳೆ. ನನ್ನ ಮಾತು ಕೇಳಿ, ಚಹಾ ಸೋಸುತ್ತಲೇ ಕಾನೂನೆಲ್ಲ ಹೇಳಿದಳು: "ಗ್ಯಾರೇಜಿನವರ ಕೈಯಾಗ ಕೊಟ್ಟ ಮ್ಯಾಲೆ ಗಾಡಿ ಜ್ವಾಕಿ ಅವರದು. ಕೆಡಿಸಿದ್ರ ಅದು ಸೇವಾ ಲೋಪ. ಮದಲ ಬರವಣಿಗಿಯೊಳಗ ಕೇಳಬೇಕು. ಕೇಳಲಿಲ್ಲಂದ್ರ ನೋಟಿಸು. ಅದಕ್ಕೂ ಬಗ್ಗಲಿಲ್ಲಂದ್ರ ಎರಡ ವರ್ಷದೊಳಗ ಜಿಲ್ಲಾ ಗ್ರಾಹಕರ ಆಯೋಗಕ್ಕ ಹೋಗಬಹುದು. ವಕೀಲರ ಬೇಕ ಅಂತನೂ ಇಲ್ಲ. ಆದ್ರ ಖರೆ ಹೇಳ, ತಾಕಿಸಿದ್ದು ನೀನೋ ಅವರೋ?"

"ಗೊತ್ತಿಲ್ಲ," ಎಂದೆ.

ಶಬಾನಾ ಸೋಸಣಿಗೆ ಕೆಳಗಿಟ್ಟಳು. "ನಿನ್ನ ಬಾಜೂ ನೀನ ನಿಂತಿಲ್ಲಲ್ಲ, ನಾ ಹೆಂಗ ನಿಂದರಲಿ? ಮನಿಗೆ ಹೋಗಿ ಕುಂಡರ. ಅವತ್ತ ಮುಂಜಾನೆ ಏನೇನ ನೋಡಿದಿ, ಅಷ್ಟ ಬರಿ."

ಬರೆಯಲು ಕುಳಿತರೆ ಅಕ್ಷರ ಮೂಡಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಆ ಬೆಳಗನ್ನು ಬಿಡಿಸತೊಡಗಿದೆ. ಗ್ಯಾರೇಜು, ಪಕ್ಕದ ಹೊಲ, ಅದರಲ್ಲಿ ರಂಟೆ ಹೊಡೆದು ಉಳುತ್ತಿದ್ದ ಟ್ರ್ಯಾಕ್ಟರು, ನನ್ನ ಕಾರು. ಬಾಗಿಲಿಗೆ ಬಂದಾಗ ಕೈ ತಾನಾಗಿ ಹಕ್ಕಿಗಳನ್ನು ಬಿಡಿಸಿತು. ಆಗ ಎಲ್ಲ ನೆನಪಾಯಿತು. ಕಾಕಾ ಬ್ರೇಕಿನ ಬಗ್ಗೆ ಕೇಳುತ್ತಿದ್ದಾಗ ಹೊಲದಿಂದ ಬೆಳ್ಳಕ್ಕಿಗಳು ಎದ್ದು ನಮ್ಮ ತಲೆಯ ಮೇಲೆ ಹಾರಿದ್ದವು. ನಾನು ಮೇಲೆ ನೋಡಿರಲಿಲ್ಲ, ಕಾರಿನ ಹಿಂದಿನ ಬಾಗಿಲಿನ ನೀಲಿ ಹೊಳಪಿನಲ್ಲಿ ಅವು ಹಾದುಹೋಗುವುದನ್ನು ನೋಡುತ್ತ ನಿಂತಿದ್ದೆ. ಈ ತುದಿಯಿಂದ ಆ ತುದಿಯವರೆಗೆ ಸಾಲು ಎಲ್ಲಿಯೂ ಮುರಿದಿರಲಿಲ್ಲ. ನೆಗ್ಗಿದ ತಗಡಿನಲ್ಲಿ ಹಾಗೆ ಕಾಣಲು ಸಾಧ್ಯವೇ ಇಲ್ಲ! ಒಬ್ಬಳೇ ಕುಳಿತು ಅತ್ತುಬಿಟ್ಟೆ.

ಇದನ್ನೇ ಬರೆದು, ಬಾಗಿಲು ಸರಿಮಾಡಿಕೊಡಬೇಕೆಂದು ಕೇಳಿ ಕಾಕಾನಿಗೆ ಸ್ಪೀಡ್ ಪೋಸ್ಟ್ ಮಾಡಿದೆ. ಫೋನಿನಲ್ಲಿ ಓದಿ ಹೇಳಿದಾಗ ಶಬಾನಾ ನಕ್ಕಳು. "ಬೆಳ್ಳಕ್ಕಿ ಮಾತ ಕೇಳಿ ಯಾರ ತೀರ್ಪ ಕೊಡ್ತಾರವಾ? ಆದ್ರೂ ಇರಲಿ."

ಮೂರನೇ ದಿನ ಊಟದ ಬಿಡುವಿನಲ್ಲಿ ಈರಪ್ಪ ಕಾಕಾ ಸಾಲೆಗೇ ಬಂದರು. ಬೇವಿನ ಗಿಡದ ಕೆಳಗೆ ನಿಂತು ಕಿಸೆಯಿಂದ ನನ್ನ ಪತ್ರ ತೆಗೆದರು.

"ಬೈದು ಪತ್ರಾ ಬರೆದಿದ್ರ ನಾನೂ ಜಗಳಕ್ಕ ನಿಲ್ತಿದ್ದೆರಿ ಅಕ್ಕೋರ. ಅವತ್ತ ನೀವು ಬಾಗಿಲಾ ನೋಡಿ ನಕ್ರಿ. ಯಾಕ ನಕ್ಕಾರಂತ ನಾನೂ ತಿರುಗಿ ನೋಡಿದ್ದೆ. ಬೆಳ್ಳಕ್ಕಿ ಹೊಂಟಿದ್ವು. ಬಾಗಿಲಾ ಕನ್ನಡಿ ಆಗಿತ್ತು." ಪತ್ರ ಮಡಚುತ್ತ ಮುಂದುವರಿಸಿದರು: "ಬ್ರೇಕ್ ನೋಡಾಕ ಗಾಡಿ ಹಿಂದ ತಗೊಳ್ಳುಮುಂದ ಬಾಜೂಕ ನಿಂತಿದ್ದ ಟ್ರ್ಯಾಲಿಗೆ ತಾಕಿಸಿದವ ನಾನ. ಇಷ್ಟ ವರ್ಷದಾಗ ಹಂಗ ಆಗಿದ್ದಿಲ್ಲ, ನಾಚಿಕಿ ಬಂತು. ನೀವು ಬಂದು ಕೇಳಿದಾಗ ಒಂದ ಸುಳ್ಳ ಹೇಳಿದೆ. ನೀವು ಅದನ್ನ ಖರೆ ಅಂತ ನಂಬಿ, ನನಗ ಕೈ ಮುಗದು ಹೋದ್ರಿ. ಅವತ್ತಿಂದ ನನಗ ತುತ್ತ ಇಳಿದಿಲ್ಲ. ಯಾಕ ಹಂಗ ಮಾಡಿದ್ರಿ?"

ನಾನು ಒಳಗೆ ಹೋಗಿ ಅವರಿಗೆ ಕುಡಿಯಲು ನೀರು ತಂದುಕೊಟ್ಟೆ.

ಬಾಗಿಲು ನೆಗ್ಗಿದ್ದು ತಮ್ಮ ಕೈಯಿಂದಲೇ ಎಂದೂ ತಾವೇ ಸರಿಮಾಡಿಕೊಡುವುದಾಗಿಯೂ ಕಾಕಾ ಜೊತೆಗೆ ತಂದಿದ್ದ ಗ್ಯಾರೇಜಿನ ಬಿಲ್ಲಿನ ಹಾಳೆಯ ಮೇಲೆ ಬರೆದು ಸಹಿ ಮಾಡಿದರು. ಆಯೋಗದವರೆಗೆ ಹೋಗುವ ಪ್ರಸಂಗ ಬರಲಿಲ್ಲ. ಮುಂದಿನ ವಾರವೇ ಹೇಳಿದಂತೆ ಮಾಡಿಕೊಟ್ಟರು.

ಮಹಾಂತೇಶ ಆ ಹಾಳೆಯನ್ನು ಎರಡು ಸಲ ಓದಿದರು. ಕೀಲಿಯನ್ನು ನನ್ನ ಕೈಗಿಡುತ್ತ, "ತಪ್ಪಾತು. ಆದ್ರ 'ನಾ ತಾಕಿಸಿಲ್ಲ' ಅಂತ ಒಂದ ಮಾತ ಯಾಕ ಅನ್ನಲಿಲ್ಲ ನೀ?" ಎಂದರು.

ಈಗ ಗ್ಯಾರೇಜಿನಲ್ಲಿ ಗಾಡಿ ಬಿಡುವಾಗ ನಾಲ್ಕೂ ಕಡೆ ಫೋಟೋ ತೆಗೆಯುತ್ತೇನೆ, ಕೆಲಸ ಏನೆಂದು ಬರೆಸಿಕೊಳ್ಳುತ್ತೇನೆ. ಆದರೆ ಇಂದಿಗೂ ನನ್ನನ್ನು ಕಾಡುವುದು ಆ ಬಾಗಿಲಲ್ಲ. ಸಣ್ಣವಳಿದ್ದಾಗಿನಿಂದ ಎಲ್ಲರೂ ನನಗೆ ಲಕ್ಷ್ಯವಿಲ್ಲ ಎನ್ನುತ್ತ ಬಂದರು. ಅದನ್ನು ಎಲ್ಲರಿಗಿಂತ ಹೆಚ್ಚು ನಂಬಿದವಳು ನಾನು. ಅವತ್ತು ಸರಿಯಾಗಿ ನೋಡಿದ್ದವಳೂ ನಾನೇ, ಮರುದಿನ ಕ್ಷಮೆ ಕೇಳಿದವಳೂ ನಾನೇ.