ಮನೆ ನಮ್ಮದು, ಮಣ್ಣು ಮಿಲ್ಲಿನದು

ಕಾರ್ಖಾನೆಯೊಂದರ ಸುತ್ತ ಹುಟ್ಟಿಕೊಳ್ಳುವ ಊರುಗಳ ಚರಿತ್ರೆಯನ್ನು ಬರೆದವರು ಹಲವರಿದ್ದಾರೆ. ಆದರೆ ಅಂಥ ಊರನ್ನು ಅಡುಗೆಮನೆಯ ಬಾಗಿಲಿನಿಂದ ಹೊಕ್ಕು, ಅದರ ಅರ್ಥವ್ಯವಸ್ಥೆಯನ್ನು ಹೆಂಗಸರ ದಿನಚರಿಯಲ್ಲಿ ಓದಿದವರು ತೀರ ಕಡಿಮೆ. ತಮಿಳುನಾಡಿನ ದಿಂಡುಕ್ಕಲ್ಲಿನ ಮಹಿಳಾ ಕಾಲೇಜೊಂದರಲ್ಲಿ ಮೂರು ದಶಕ ಅರ್ಥಶಾಸ್ತ್ರ ಬೋಧಿಸಿ, ಈ ಮೇ ತಿಂಗಳಿಗೆ ನಿವೃತ್ತರಾಗುತ್ತಿರುವ ಡಾ. ಪೊನ್ನುತಾಯಿ ಅವರು ಆ ಕೆಲವರಲ್ಲಿ ಒಬ್ಬರು. ರಷ್ಯಾದ ವೆರೆತೆನ್ಕಾ ಎಂಬ ಸಣ್ಣ ಗಿರಣಿ ಊರಿನ ಬಗ್ಗೆ ಅವರು ಮಾಡಿದ ಅಧ್ಯಯನವನ್ನು ವಿದ್ವಾಂಸರು ಬಲ್ಲರು. ಆ ಅಧ್ಯಯನ ನಿಲಕ್ಕೋಟ್ಟೈಯ ಕಚೇರಿಯೊಂದರಲ್ಲಿ ಒಂದು ಮಧ್ಯಾಹ್ನ ಏನು ಮಾಡಿತೆಂಬುದನ್ನು ಬಲ್ಲವರು ಅಷ್ಟಿಲ್ಲ.

ಪೊನ್ನುತಾಯಿ ಅವರು ಹುಟ್ಟಿದ್ದು ಕಂಬಂ ಕಣಿವೆಯ ಹನುಮಂತನಪಟ್ಟಿಯಲ್ಲಿ, ದ್ರಾಕ್ಷಿ ಚಪ್ಪರದ ನೆರಳಿನಲ್ಲಿ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಾಲ್ಕನೆಯ ತರಗತಿಯಲ್ಲಿ, ತಾವಿರುವ ಜಾಗದ ಬಗ್ಗೆ ಬರೆಯಿರಿ ಎಂದಾಗ ಆ ಹುಡುಗಿ ವಾಸದ ಮನೆಗೆ ತಮಿಳರು ಹೇಳುವ 'ವೀಡು' ಎಂಬ ಮಾತು ಮರೆತು, ಕನ್ನಡದ 'ಮನೆ'ಯನ್ನೇ ತಮಿಳಕ್ಷರದಲ್ಲಿ ಬರೆದಳು. ತಮಿಳಿನಲ್ಲಿಯೂ ಆ ಮಾತಿದೆ. ಉಚ್ಚಾರವೂ ಹೆಚ್ಚು ಕಡಿಮೆ ಒಂದೇ. ಆದರೆ ಅಲ್ಲಿ ಅದಕ್ಕೆ ಮನೆ ಕಟ್ಟುವ ನಿವೇಶನವೆಂದು ಅರ್ಥ. "ಓಹೋ, ಮನೆಯೇ ಇದೆಯಾ? ಎಷ್ಟು ಸೆಂಟು ಜಾಗ ಜಮೀನ್ದಾರಮ್ಮ?" ಎಂದು ಮೇಷ್ಟರು ಕೇಳಿದರು. ತರಗತಿಯೆಲ್ಲ ನಕ್ಕಿತು. ಅಂದಿನಿಂದ ಆಕೆ ಬಾಯಿಗೆ ಬಂದ ಪ್ರತಿ ಮಾತನ್ನೂ ಜರಡಿ ಹಿಡಿದೇ ಹೊರಗೆ ಬಿಟ್ಟಳು. ಕಾಲೇಜು ಸೇರುವ ಹೊತ್ತಿಗೆ ಅವರು ಕನ್ನಡದ ಮನೆಯವರೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಅದು ಅವರಿಗೆ ಸಮಾಧಾನವನ್ನೂ ಕೊಡುತ್ತಿತ್ತು, ಒಳಗೊಳಗೇ ಏನನ್ನೋ ಸವೆಸುತ್ತಲೂ ಇತ್ತು.

ತೊಂಬತ್ತರ ದಶಕದಲ್ಲಿ ಸಂಶೋಧನೆಗೆಂದು ಅವರು ರಷ್ಯಾಕ್ಕೆ ಹೋದರು. ವೆರೆತೆನ್ಕಾ ಎಂದರೆ ನೂಲು ಸುತ್ತುವ ಕದಿರು. ಹೊಳೆಯ ದಂಡೆಯಲ್ಲಿ ಯಾವನೋ ವ್ಯಾಪಾರಿ ನೂಲಿನ ಗಿರಣಿ ಹಾಕಿ, ಕೆಲಸದವರಿಗೆಂದು ಇಟ್ಟಿಗೆಯ ಸಾಲು ಕೋಣೆಗಳನ್ನು ಕಟ್ಟಿಸಿದ್ದ. ಮುಂದೆ ಗಿರಣಿ ಸರಕಾರದ್ದಾಯಿತು, ಸ್ನಾನದ ಮನೆ, ಶಾಲೆ, ಆಸ್ಪತ್ರೆ ಒಂದೊಂದಾಗಿ ಎದ್ದವು. ಗಿರಣಿಯ ಬಾಯ್ಲರೇ ಊರಿನ ಎಲ್ಲ ಕೋಣೆಗಳಿಗೂ ಕೊಳವೆಯಲ್ಲಿ ಬಿಸಿ ಕಳಿಸುತ್ತಿತ್ತು. ಪೊನ್ನುತಾಯಿ ಅವರು ಹೋದ ಕಾಲಕ್ಕೆ ಸಂಬಳದ ಬದಲು ಟವೆಲ್ ಕೊಡುತ್ತಿದ್ದರು. ಹೆಂಗಸರು ಅವನ್ನು ಹೆದ್ದಾರಿಯ ಅಂಚಿನಲ್ಲಿ ಹಗ್ಗಕ್ಕೆ ನೇತುಹಾಕಿ ಮಾರುತ್ತಿದ್ದರು. ಪೊನ್ನುತಾಯಿ ಅವರಿಗೆ ಇರಲು ಜಾಗ ಕೊಟ್ಟ ನೀನಾ ಎಂಬ ವಿಧವೆ ಅದೇ ಗಿರಣಿಯ ನೂಲುಗಾರ್ತಿ. ಗಿರಣಿ ನಿಂತ ದಿನ ಆಕೆ ಗೋಡೆಯ ಕೊಳವೆಗೆ ಅಂಗೈ ಒತ್ತಿ ನಿಂತಿದ್ದಳು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವವಳ ಹಾಗೆ. ಕೊಳವೆ ತಣ್ಣಗಾಗುತ್ತಿತ್ತು. "ಕೋಣೆ ನಿನ್ನದು ಅಂದರು," ಎಂದಳು ನೀನಾ. "ಬಿಸಿ ಯಾರದು ಅಂತ ಹೇಳಲಿಲ್ಲ."

ಈ ಒಂದು ಮಾತಿನ ಸುತ್ತಲೇ ಪೊನ್ನುತಾಯಿ ಅವರ ಗ್ರಂಥ ಬೆಳೆಯಿತು. ವಾಸ ಒಬ್ಬರದು, ನೆಲ ಇನ್ನೊಬ್ಬರದು, ಕೊಳವೆ ಮತ್ತೊಬ್ಬರದು ಎಂದಾದರೆ ಊರು ಯಾರದು ಎಂಬುದೇ ಅದರ ಪ್ರಶ್ನೆ.

ದಿಂಡುಕ್ಕಲ್ಲಿಗೆ ಮರಳಿದ ಮೇಲೆ ಅವರು ಮದುವೆಯ ಮಾತನ್ನು ನಯವಾಗಿ ದೂರವಿಟ್ಟು, ಕಾಲೇಜು ಆವರಣದ ಕ್ವಾರ್ಟರ್ಸಿನಲ್ಲಿ ಒಬ್ಬರೇ ಉಳಿದರು. ಒಬ್ಬರೇ ಎನ್ನುವುದೂ ಪೂರ್ತಿ ಸರಿಯಲ್ಲ. ಪರೀಕ್ಷೆಯ ದಿನಗಳಲ್ಲಿ ಅವರ ಮುಂಗೋಣೆಯಲ್ಲಿ ಯಾರಾದರೂ ವಿದ್ಯಾರ್ಥಿನಿ ಚಾಪೆ ಹಾಸಿ ಓದುತ್ತಿರುವುದು ವಾಡಿಕೆಯಾಗಿತ್ತು. ಕೆಲವು ವರ್ಷಗಳ ಹಿಂದೆ ಹಾಗೆ ಬಂದವಳೇ ಕಲೈಸೆಲ್ವಿ. ಬಟ್ಟೆ ಒಗೆಯಲು ನೀರಿಲ್ಲವೆಂದು ಎರಡು ದಿನ ತರಗತಿ ತಪ್ಪಿಸಿದ್ದ ಅವಳನ್ನು ಪೊನ್ನುತಾಯಿ ಅವರು ಬೈಯಲಿಲ್ಲ. ಚೀಲ ಸಮೇತ ಮನೆಗೆ ಕರೆತಂದರು. ನಿಲಕ್ಕೋಟ್ಟೈ ಹೊರಗಿನ ನೂಲಿನ ಮಿಲ್ಲಿನ ಸಂಗತಿ ಅವರಿಗೆ ತಿಳಿದದ್ದು ಅವಳಿಂದಲೇ. ಮಿಲ್ಲು ಮುಚ್ಚಿತ್ತು. ಅದನ್ನು ಕೊಂಡವರು ಕೆಲಸಗಾರರು ವಾಸವಿದ್ದ ಸಾಲು ಮನೆಗಳನ್ನು, ಅಂದರೆ ಲೈನ್ ಮನೆಗಳನ್ನು, ಖಾಲಿ ಮಾಡಿಸಲು ಮೊದಲು ಬೋರ್‌ವೆಲ್ಲಿನ ಮೋಟರು ನಿಲ್ಲಿಸಿದ್ದರು. ಅಲ್ಲಿದ್ದ ಹೆಂಗಸರಲ್ಲಿ ಹೆಚ್ಚಿನವರು ಕಣಿವೆಯ ಕನ್ನಡದ ಮನೆಗಳಿಂದ ದುಡಿಮೆಗೆ ಬಂದವರು. "ಅಜ್ಜಿ ದಿನಾ ನಲ್ಲಿಗೆ ಕಿವಿ ಇಟ್ಟು ಕೂತಿರ್ತಾರೆ ಮೇಡಂ," ಎಂದಳು ಕಲೈಸೆಲ್ವಿ.

ಲೈನ್ ಮನೆಗಳ ಹೆಂಗಸರು ಕೊಟ್ಟ ಅರ್ಜಿಯ ವಿಚಾರಣೆ ನಿಲಕ್ಕೋಟ್ಟೈಯ ತಾಲೂಕು ಕಚೇರಿಯಲ್ಲಿ ನಿಗದಿಯಾದದ್ದು, ಕಾಲೇಜಿನಲ್ಲಿ ಅರ್ಥಶಾಸ್ತ್ರ ವಿಭಾಗದ ಮುಖ್ಯಸ್ಥರನ್ನು ಆರಿಸುವ ವಾರದಲ್ಲಿಯೇ. ಸರದಿ ಪೊನ್ನುತಾಯಿ ಅವರದಾಗಿತ್ತು. ಮಿಲ್ಲು ಕೊಂಡವರಿಗೆ ಆಗಿನ ಕಾಲೇಜು ಕಾರ್ಯದರ್ಶಿಗಳು ಬೀಗರು. ಅವರು ನಗುನಗುತ್ತಲೇ ಹೇಳಿ ಕಳಿಸಿದರು: "ಮೇಡಂ ರಷ್ಯಾದಲ್ಲೇ ಇರಲಿ. ಅದು ದೂರ. ಎಲ್ಲರಿಗೂ ಒಳ್ಳೆಯದು."

ಪೊನ್ನುತಾಯಿ ಅವರು ಬಸ್ಸು ಹತ್ತಿ ನಿಲಕ್ಕೋಟ್ಟೈಗೆ ಹೋದರು. ಹಿಂದಿನ ಬೆಂಚಿನಲ್ಲಿ ಕುಳಿತರು. ಕಾರ್ಯದರ್ಶಿಗಳು ಮುಂದಿನ ಸಾಲಿನಲ್ಲಿದ್ದರು. ತಿರುಗಿ ನೋಡಿ ಕೈ ಮುಗಿದರು. ಆ ನಮಸ್ಕಾರದ ಅರ್ಥ ಅವರಿಗೆ ತಿಳಿಯದೆ ಇರಲಿಲ್ಲ.

ಹೆಂಗಸರು ಕೇಳುತ್ತಿದ್ದುದು ವಾಸ ಮತ್ತು ನೀರನ್ನು ಮಾತ್ರ. ನೆಲದ ಮೇಲೆ ಹಕ್ಕು ಹೂಡಿದರೆ ಅವರು ಒತ್ತುವರಿದಾರರಾಗುತ್ತಾರೆ, ಅಲ್ಲಿಗೆ ವಿಚಾರಣೆ ಮುಗಿಯುತ್ತದೆ. ಆದ್ದರಿಂದ ಕಲೈಸೆಲ್ವಿ ತನ್ನ ಅಜ್ಜಿ ಮೂಕಮ್ಮಾಳ್ ಅವರಿಗೆ 'ವೀಡು' ಎಂಬ ಮಾತನ್ನೇ ಮತ್ತೆ ಮತ್ತೆ ಹೇಳಿಕೊಟ್ಟಿದ್ದಳು. ಆಯುಷ್ಯವೆಲ್ಲ ಕದಿರುಗಳ ಗದ್ದಲದಲ್ಲಿ ಕೂಗಿಯೇ ಮಾತಾಡಿದ ಆ ಮುದುಕಿ, ಅಧಿಕಾರಿಯ ಎದುರು ನಿಂತ ಕೂಡಲೇ ಹೇಳಿಕೊಟ್ಟದ್ದನ್ನೆಲ್ಲ ಮರೆತು ಗಟ್ಟಿಯಾಗಿ ಅಂದುಬಿಟ್ಟರು: "ಐಯಾ, ಮನೆ ಎಂಗಳುದು!"

ಮಿಲ್ಲಿನ ವಕೀಲರು ಥಟ್ಟನೆ ಎದ್ದರು. "ಕೇಳಿದಿರಲ್ಲ? ನಿವೇಶನವೇ ತಮ್ಮದಂತೆ! ದಯವಿಟ್ಟು ಹೀಗೆಯೇ ಬರೆಸಿಕೊಳ್ಳಿ."

ಮೂಕಮ್ಮಾಳ್‌ಗೆ ತಾವೇನು ತಪ್ಪಾಡಿದೆವೆಂದು ಗೊತ್ತಾಗಲಿಲ್ಲ. ಕಲೈಸೆಲ್ವಿ ಮುಖ ಮುಚ್ಚಿಕೊಂಡಳು. ಏನಾಯಿತೆಂದು ಆ ಕೋಣೆಯಲ್ಲಿ ಪೂರ್ತಿಯಾಗಿ ತಿಳಿದಿದ್ದುದು ಹಿಂದಿನ ಬೆಂಚಿನ ಒಬ್ಬರಿಗೆ. ಅದೇ ಮಾತಿಗೆ ಒಮ್ಮೆ ತರಗತಿಯ ನಗೆಯನ್ನೆಲ್ಲ ಹೊತ್ತವರಿಗೆ. ಎದ್ದು ನಿಂತರೆ ಮುಖ್ಯಸ್ಥೆಯ ಕುರ್ಚಿ ಹೋಯಿತು. ಕುಳಿತೇ ಇದ್ದರೆ ಲೈನ್ ಮನೆಗಳು ಹೋದವು. ಪೊನ್ನುತಾಯಿ ಅವರು ಎದ್ದರು, ಈ ತಾಯಿಗೆ ಅವರ ಮಾತಿನಲ್ಲೇ ಒಂದೆರಡು ಪ್ರಶ್ನೆ ಕೇಳಲು ಅನುಮತಿ ಬೇಡಿದರು.

"ರಷ್ಯಾ ಮೇಡಂ," ಎಂದರು ವಕೀಲರು, "ಇದು ನಿಲಕ್ಕೋಟ್ಟೈ. ಇಲ್ಲಿ ಹಿಮ ಬೀಳುವುದಿಲ್ಲ."

"ನೀರೂ ಬೀಳುತ್ತಿಲ್ಲ," ಎಂದರು ಪೊನ್ನುತಾಯಿ. ಅಧಿಕಾರಿ ಕೈ ಸನ್ನೆಯಿಂದಲೇ ಕೇಳಿ ಎಂದರು.

ನಾಲ್ಕನೆಯ ತರಗತಿಯ ಆಚೆ ಬಿಟ್ಟುಬಂದ ಮಾತು ಅವರ ಬಾಯಿಂದ ತಡವರಿಸುತ್ತ ಹೊರಬಂತು. "ಅಕ್ಕಾ, ಮನೆ ಅಂದ್ಯಲ್ಲ, ಅದ್ಕೆ ಕದ ಐತಾ?"

ಮೂಕಮ್ಮಾಳ್ ಬೆಚ್ಚಿ ತಿರುಗಿದರು. "ಅಯ್ಯಯ್ಯೋ, ಟೀಚರು ನಮ್ಮ ಮಾತಾಡ್ತದೆ! ಏನ್ ಕೇಳ್ವಿ ಇದು ತಾಯೀ, ಕದ ಇಲ್ದೆ ಮನೆ ಇರ್ತದಾ? ಕದ ಐತೆ, ಒಲೆ ಐತೆ, ಸೋರೋ ಓಡು ಐತೆ."

"ಅದರ ಅಡೀಗೆ ಇರೋ ಮಣ್ಣು?"

"ಮಣ್ಣು ಮಿಲ್ಲುಕಾರಂದು. ನಂಗ್ಯಾಕೆ ಮಣ್ಣು? ಹೂಳೋವಾಗ ಆರಡಿ ಬಿಟ್ರೆ ಪೋದುಂ, ಅಷ್ಟೇ ಸಾಕು."

ಕನ್ನಡ ತಿಳಿದ ಹೆಂಗಸರು ನಕ್ಕರು. ಪೊನ್ನುತಾಯಿ ಅವರು ನಗಲಿಲ್ಲ; ಎರಡು ಭಾಷೆಗಳಲ್ಲಿ ಆ ಒಂದು ಮಾತಿನ ಅರ್ಥವನ್ನು ಅಧಿಕಾರಿಗೆ ತಮಿಳಿನಲ್ಲಿ ಬಿಡಿಸಿ ಹೇಳಿದರು. ಆಮೇಲೆ ವೆರೆತೆನ್ಕಾದ ಕೊಳವೆಯ ಕಥೆ ಹೇಳಿದರು. ಬದಲಿ ವಸತಿ ಕೊಡುವ ತನಕ ಲೈನ್ ಮನೆಗಳನ್ನು ಮುಟ್ಟಬಾರದು, ಮೋಟರನ್ನು ಪಂಚಾಯಿತಿ ವಹಿಸಿಕೊಳ್ಳಬೇಕು ಎಂಬ ಆದೇಶ ಹೊರಬಿದ್ದದ್ದು ಆ ತಿಂಗಳ ಕೊನೆಗೆ. ವಿಭಾಗದ ಮುಖ್ಯಸ್ಥರ ನೇಮಕದ ಆದೇಶ ಅದಕ್ಕೂ ಮೊದಲೇ ಬಂತು, ಬೇರೆಯವರ ಹೆಸರಿಗೆ. ಪೊನ್ನುತಾಯಿ ಅವರು ತಮಗಿಂತ ಕಿರಿಯರಾದ ಆ ಹೊಸ ಮುಖ್ಯಸ್ಥರಿಗೆ ತಾವೇ ಹಾರ ತಂದು ಹಾಕಿದರು. ಅಂದಿನಿಂದ ಕಲೈಸೆಲ್ವಿಯೊಡನೆ ಅವರ ಮಾತೆಲ್ಲ ಕನ್ನಡದಲ್ಲಿಯೇ; ತಮಿಳಿನಲ್ಲಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ.

ಬದಲಿ ವಸತಿ ಇಂದಿಗೂ ಬಂದಿಲ್ಲ. ಲೈನ್ ಮನೆಗಳು ಉಳಿದಿವೆ. ಈಗ ಕ್ವಾರ್ಟರ್ಸ್ ಬಿಡುವ ಸರದಿ ಪೊನ್ನುತಾಯಿ ಅವರದೇ. ಅವರಿಗೆ ಸ್ವಂತದ್ದೆಂದು ಸೂರಿಲ್ಲ. ಕಳೆದ ವಾರ ಪುಸ್ತಕಗಳನ್ನು ಕಟ್ಟುತ್ತಿದ್ದಾಗ ಮೊಮ್ಮಗಳ ತೋಳು ಹಿಡಿದು ಮೂಕಮ್ಮಾಳ್ ಬಂದರು. "ನಮ್ಮ ಲೈನಾಗೆ ಒಂದು ಮನೆ ಕಾಲಿ ಆಗ್ಯದೆ. ಕದ ಐತೆ, ಪೈಪಾಗೆ ಕುಡಿಯೋ ತಣ್ಣಿ ಬರ್ತದೆ. ಬಾ," ಎಂದರು. ಹೊರಡುವಾಗ ಬೆರಳಾಡಿಸಿ ಎಚ್ಚರಿಸಿದರು: "ಮಣ್ಣು ಮಾತ್ರ ಕೇಳ್ಬ್ಯಾಡ, ಟೀಚರು."

ಪೊನ್ನುತಾಯಿ ಅವರು ಒಪ್ಪಿದ್ದಾರೆ. ನಿಲಕ್ಕೋಟ್ಟೈಯ ಮಿಲ್ಲಿನ ಊರಿನ ಚರಿತ್ರೆಯನ್ನು ಅಲ್ಲಿ ಕುಳಿತು, ಮನೆಯ ಮಾತಿನಲ್ಲಿಯೇ ಬರೆಯುತ್ತಾರಂತೆ. ಅದನ್ನು ಮುಗಿಸುವಷ್ಟು, ಮುಗಿಸಿದ ಮೇಲೆ ಇನ್ನೊಂದನ್ನು ತೊಡಗುವಷ್ಟು ಆಯುಸ್ಸು ಆರೋಗ್ಯ ಅವರಿಗಿರಲಿ. ನೀನಾ ಬಿಸಿಯನ್ನು ಹುಡುಕಿದಂತೆ ಅವರೂ ಒಂದು ಬೆಳಗ್ಗೆ ಕೊಳವೆಗೆ ಅಂಗೈ ಇಟ್ಟು ನೋಡುವರು. ಆಗ ಒಳಗೆ ಹರಿಯುವ ನೀರಿನ ತಂಪು ಅವರ ಕೈಗೆ ತಾಗಲಿ.