ಕರುವಿನ ವೇಗದಲ್ಲಿ ಉಸಿರಾಡಿದ ಹಸು

"ಸಗಣಿ ಬಾಚೋ ಕೈಗೆ ಸೈನ್ಸು ಹತ್ತಾಕಿಲ್ಲ ಬಿಡು."

ಹೀಗೆಂದವರು ನಮ್ಮ ದೊಡ್ಡಪ್ಪ. ಅದೂ ಮಾದಿಹಳ್ಳಿ ಬಸ್ ಸ್ಟಾಪಿನಲ್ಲಿ, ಊರವರೆದುರು, ನಾನು ಬಿ.ಎಸ್ಸಿ. ಸೇರಲು ಹಾಸನದ ಬಸ್ಸಿಗೆ ಕಾಯುತ್ತಿದ್ದಾಗ. (ನಮ್ಮ ಮನೆಯಲ್ಲಿ ಅದುವರೆಗೆ ಹೈಸ್ಕೂಲು ದಾಟಿದವರೇ ಇರಲಿಲ್ಲ. ಅವರ ಅನುಮಾನಕ್ಕೂ ಕಾರಣವಿತ್ತು ಅನ್ನಿ.) ಕೆಮಿಸ್ಟ್ರಿಯಲ್ಲಿ ಎರಡು ಸಲ ಬಿದ್ದೆ. ಮತ್ತೆ ಕಟ್ಟಿದೆ, ಪಾಸಾದೆ.

ರಿಸಲ್ಟ್ ನೋಡಿಕೊಂಡು ಊರಿಗೆ ಬಂದರೆ ಯಾರೂ ನನ್ನ ಮುಖ ನೋಡಲಿಲ್ಲ. ಎಲ್ಲರೂ ಕೊಟ್ಟಿಗೆಯಲ್ಲಿದ್ದರು. ಹಿಂದಿನ ದಿನ ನಮ್ಮ ಹಸು ಗೌರಿ ಕರು ಹಾಕಿದ್ದಳು. ಕರುವಿನ ಪಕ್ಕೆ ತಿದಿಯಂತೆ ಏರಿಳಿಯುತ್ತಿತ್ತು.

"ಎಳೆ ಜೀವ, ಏದುತಾ ಐತೆ" ಎಂದರು ದೊಡ್ಡಪ್ಪ. ಕೈಯಲ್ಲಿ ಗೊಟ್ಟ. ದನದ ಬಾಯಿಗೆ ಔಷಧಿ ಹೊಯ್ಯುವ ಬಿದಿರಿನ ಕೊಳವೆ ಅದು. ಒಳಗೆ ಮೆಣಸಿನ ಕಷಾಯ.

"ಹಾಕ್ಬೇಡಿ ದೊಡ್ಡಪ್ಪ. ಕರು ಉಸಿರಾಡೋದೇ ಹಂಗೆ."

"ನೀನೇನು ಡಾಕ್ಟ್ರಾ?"

ಅಲ್ಲ. ಆದರೆ ಓದಿದ್ದು ಝೂವಾಲಜಿ. ಇಲಿಯಾಗಲಿ, ಆನೆಯಾಗಲಿ, ಮೈಯಲ್ಲಿ ಶ್ವಾಸಕೋಶದ ಪಾಲು ಹೆಚ್ಚುಕಡಿಮೆ ಒಂದೇ. ಚಿಕ್ಕ ಮೈ ಬೇಗ ಕಾವು ಕಳೆದುಕೊಳ್ಳುತ್ತದೆ. ಅದನ್ನು ಉಳಿಸಿಕೊಳ್ಳಲು ಬೇಗಬೇಗ ಉಸಿರಾಡಲೇಬೇಕು. ದೊಡ್ಡ ಮೈಗೆ ಆ ಆತುರವಿಲ್ಲ.

ಇಲ್ಲವೇ? ಗೌರಿಯ ಕಡೆ ತಿರುಗಿದೆ. ಅಷ್ಟು ದೊಡ್ಡ ಹಸುವಿನ ಪಕ್ಕೆ ಕರುವಿನ ಪಕ್ಕೆಗೆ ಸಮಸಮನಾಗಿ ಓಡುತ್ತಿತ್ತು. ಕತ್ತು ಮುಂದಕ್ಕೆ ಚಾಚಿತ್ತು.

"ಇವಳಿಗೇನಾದ್ರೂ ಕುಡಿಸಿದ್ರಾ?"

"ನೆನ್ನೆ ಎಣ್ಣೆ ಬೆಲ್ಲ ಹಾಕ್ದೆ. ಕರು ಹಾಕಿದ ಹಸೂಗೆ ಹಾಕ್ದೆ ಬಿಡ್ತಾರಾ? ನಾಲ್ಗೆ ಎಳ್ದು ಹಿಡ್ಕಂಡೆ. ವಸಿ ಕೆಮ್ಮಿದ್ಲು, ಅಷ್ಟೆ."

ಅಷ್ಟೇ ಆಗಿರಲಿಲ್ಲ. ನಾಲಿಗೆ ಹಿಡಿದರೆ ದನ ನುಂಗುವುದು ಹೇಗೆ? ಎಣ್ಣೆ ಶ್ವಾಸಕೋಶಕ್ಕೆ ಇಳಿದಿರಬೇಕು.

"ಹಳೇಬೀಡಿಂದ ಡಾಕ್ಟರನ್ನ ಕರ್ಕೊಂಡು ಬನ್ನಿ" ಎಂದೆ. ದೊಡ್ಡಪ್ಪ ಕದಲಲಿಲ್ಲ. ಗೊಟ್ಟವನ್ನೂ ಕೆಳಗಿಡಲಿಲ್ಲ. ನಾನು ಕರುವಿಗೆ ಅಡ್ಡ ನಿಂತೆ. ಕೊನೆಗೆ ಬಾಯಿಬಿಟ್ಟದ್ದು ಅಮ್ಮ.

"ಭಾವ, ಅವ್ಳು ಹೇಳ್ದಂಗೆ ಮಾಡಿ. ತಾಯಿ ಹೋದ್ರೆ ಕರೂನೂ ಉಳಿಯಾಕಿಲ್ಲ."

ದೊಡ್ಡಪ್ಪ ಗೊಟ್ಟ ಕೆಳಗಿಟ್ಟು ಟಿವಿಎಸ್ ಹತ್ತಿದರು.

ಡಾಕ್ಟರು ಗೌರಿಯ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. "ಎಣ್ಣೆ ಒಳಗೆ ಹೋಗಿದೆ. ಉಳಿಯುತ್ತೆ ಅಂತ ಈಗಲೇ ಹೇಳಲಾರೆ" ಎಂದು ಇಂಜೆಕ್ಷನ್ ಕೊಟ್ಟರು. ಕರುವಿಗೆ ಏನೂ ಆಗಿರಲಿಲ್ಲ. ದಿನವೂ ಬಂದು ಚುಚ್ಚಿದರು. ಗೌರಿ ಮತ್ತೆ ಹುಲ್ಲಿಗೆ ಬಾಯಿ ಹಾಕುವವರೆಗೆ ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ.

ಏದುವ ಮಗುವಿನ ಸುತ್ತ ಎಲ್ಲರೂ ಸೇರುತ್ತೇವೆ. ಪಕ್ಕದಲ್ಲೇ ಏದುತ್ತ ನಿಂತ ತಾಯಿಯನ್ನು ನೋಡುವವರು ಯಾರು?

ಹೋದ ವಾರ ಡಿಗ್ರಿ ಸರ್ಟಿಫಿಕೇಟ್ ಬಂತು. ದೊಡ್ಡಪ್ಪನ ಕೈಗೇ ಕೊಟ್ಟೆ. ಪಂಚೆಗೆ ಕೈ ಒರೆಸಿಕೊಂಡು ತೆಗೆದುಕೊಂಡರು. ಅಮ್ಮ ಆಗಲೇ ನಡುಮನೆಯ ಗೋಡೆಗೆ ಮೊಳೆ ಹುಡುಕುತ್ತಿದ್ದಳು.

"ಅಲ್ಲಿ ಬ್ಯಾಡ ಕಣವ್ವ, ಕೊಟ್ಟಿಗೇಲಿ ತೂಗಾಕು" ಎಂದರು ದೊಡ್ಡಪ್ಪ. "ನಾನು ಗೊಟ್ಟ ಎತ್ತೋವಾಗ ಕಣ್ಣಿಗೆ ಬೀಳ್ಲಿ."